ಎರಡನೆಯ ಪಂದ್ಯ ಯಾರಿಗೆ ಸಿಕ್ಕಿತು

ಕ್ರೀಡಾ ಪ್ರಸಾರದ ಚರಿತ್ರೆಯನ್ನು ಓದುವಾಗ ‘ಮೊದಲ ಮಹಿಳೆ’ ಎಂಬ ಮಾತು ಎದುರಾದಾಗಲೆಲ್ಲ ನನ್ನ ಕಣ್ಣು ಆ ಸಾಲಿನಲ್ಲಿ ನಿಲ್ಲದೆ ಅದರ ಮುಂದಿನ ಸಾಲನ್ನು ಹುಡುಕುತ್ತದೆ. ಆಕೆ ಮೊದಲ ಪಂದ್ಯದ ವೀಕ್ಷಕ ವಿವರಣೆ ನೀಡಿದ್ದು ಯಾವ ದಿನ, ಯಾವ ಮೈದಾನದಲ್ಲಿ ಎಂಬುದು ಸುಲಭವಾಗಿ ಸಿಗುತ್ತದೆ. ಆಕೆಗೆ ಎರಡನೆಯ ಪಂದ್ಯ ಸಿಕ್ಕಿತೇ, ಸಿಕ್ಕಿದ್ದರೆ ಎಷ್ಟು ಕಾಲದ ಬಳಿಕ, ಸಿಗದಿದ್ದರೆ ಯಾರ ತೀರ್ಮಾನದಿಂದ ಎಂಬುದನ್ನು ಮಾತ್ರ ಕೆದಕಿ ತೆಗೆಯಬೇಕಾಗುತ್ತದೆ. ಮೊದಲನೆಯ ಅವಕಾಶವನ್ನು ಕೊಡುವವರಿಗೆ ಹಲವು ಕಾರಣಗಳಿರುತ್ತವೆ: ಕುತೂಹಲ, ಪ್ರಚಾರ, ಕೆಲವೊಮ್ಮೆ ನಿಜವಾದ ವಿಶ್ವಾಸ. ಎರಡನೆಯ ಅವಕಾಶಕ್ಕೆ ಇರುವುದು ಒಂದೇ ಕಾರಣ, ಆಕೆ ಆ ಕೆಲಸದವಳು ಎಂದು ಒಪ್ಪಿಕೊಂಡಿರುವುದು. ಹೀಗಾಗಿ ಈ ಚರಿತ್ರೆಯನ್ನು ಎರಡನೆಯ ಪಂದ್ಯದ ಕಡೆಯಿಂದ ಓದಬೇಕು ಎಂಬುದು ನನ್ನ ಅಭಿಪ್ರಾಯ.

ಕೆಲಸದ ಸ್ವರೂಪವನ್ನು ಸ್ವಲ್ಪ ಬಿಡಿಸಿ ಹೇಳದಿದ್ದರೆ ಮುಂದಿನ ಮಾತು ಸ್ಪಷ್ಟವಾಗುವುದಿಲ್ಲ. ಕಾಮೆಂಟರಿ ಬಾಕ್ಸಿನಲ್ಲಿ ಸಾಮಾನ್ಯವಾಗಿ ಇಬ್ಬರು ಕುಳಿತಿರುತ್ತಾರೆ. ಒಬ್ಬರು ಆಟ ನಡೆಯುತ್ತಿರುವ ಕ್ಷಣದಲ್ಲೇ ಏನಾಗುತ್ತಿದೆ ಎಂಬುದನ್ನು ಹೇಳುವವರು. ಕ್ರಿಕೆಟ್ಟಿನಲ್ಲಿ ಅದು ಎಸೆತದಿಂದ ಎಸೆತಕ್ಕೆ, ಕಬಡ್ಡಿಯಲ್ಲಿ ರೇಡಿನಿಂದ ರೇಡಿಗೆ ಸಾಗುತ್ತದೆ. ಇನ್ನೊಬ್ಬರು ಅದು ಏಕೆ ಹಾಗಾಯಿತು ಎಂದು ವಿಶ್ಲೇಷಿಸುವ ಪರಿಣತರು, ಬಹುಮಟ್ಟಿಗೆ ಮಾಜಿ ಆಟಗಾರರು. ಇವರಲ್ಲದೆ ಸ್ಟುಡಿಯೊದಲ್ಲಿ ಕಾರ್ಯಕ್ರಮ ನಡೆಸಿಕೊಡುವವರು ಮತ್ತು ಮೈದಾನದ ಅಂಚಿನಲ್ಲಿ ಮೈಕು ಹಿಡಿದು ಸಂದರ್ಶನ ಮಾಡುವವರು ಇರುತ್ತಾರೆ. ಮಹಿಳೆಯರಿಗೆ ಈ ಸ್ಥಾನಗಳು ಒಂದೇ ಕಾಲಕ್ಕೆ ತೆರೆಯಲಿಲ್ಲ. ಸ್ಟುಡಿಯೊ ಮತ್ತು ಮೈದಾನದ ಅಂಚು ಮೊದಲು ತೆರೆದವು. 2003ರ ವಿಶ್ವಕಪ್ಪಿನ ಸಮಯದಲ್ಲಿ ಮಂದಿರಾ ಬೇಡಿ ಅವರ ಕಾರ್ಯಕ್ರಮಕ್ಕಿಂತ ಅವರ ಉಡುಪಿನ ಬಗ್ಗೆಯೇ ನಮ್ಮ ದೇಶ ಹೆಚ್ಚು ಮಾತನಾಡಿದ್ದನ್ನು ನೆನೆದರೆ, ಆ ಬಾಗಿಲು ಯಾವ ಷರತ್ತಿನ ಮೇಲೆ ತೆರೆದಿತ್ತು ಎಂಬುದು ತಿಳಿಯುತ್ತದೆ. ಪರಿಣತರ ಕುರ್ಚಿ ಆಮೇಲೆ ಸಿಕ್ಕಿತು. ಅಲ್ಲಿ ಕೂರುವವಳ ಆಟದ ದಾಖಲೆಯನ್ನು ತೋರಿಸಿ ಟೀಕಾಕಾರರ ಬಾಯಿ ಮುಚ್ಚಿಸಬಹುದಿತ್ತು. ಆಟವನ್ನು ನಡೆದಂತೆ ಹೇಳುವ ಕುರ್ಚಿ ಎಲ್ಲಕ್ಕಿಂತ ಕೊನೆಗೆ ಸಿಕ್ಕಿದ್ದು. ಅದಕ್ಕೆ ಯಾವ ಪ್ರಮಾಣಪತ್ರವೂ ಇಲ್ಲ. ಕಣ್ಣು, ನಾಲಿಗೆ, ನೆನಪು ಮತ್ತು ವರ್ಷಗಟ್ಟಲೆಯ ಅಭ್ಯಾಸ, ಇಷ್ಟೇ ಅದರ ಬಂಡವಾಳ. ಪ್ರಮಾಣಪತ್ರವಿಲ್ಲದ ಕೆಲಸದಿಂದ ಯಾರನ್ನಾದರೂ ದೂರವಿಡುವುದು ಬಹಳ ಸುಲಭ, ‘ಧ್ವನಿ ಹೊಂದುವುದಿಲ್ಲ’ ಎಂಬ ಒಂದು ಮಾತು ಸಾಕು.

ನಾನು ವಿಜಯಪುರದಲ್ಲಿ ಪದವಿ ತರಗತಿಗಳಿಗೆ ಕನ್ನಡ ಪಾಠ ಹೇಳುವವಳು. ಈ ಭಾಗದ ಕಾಲೇಜುಗಳಲ್ಲಿ ಅಂತರ ಕಾಲೇಜು ಕ್ರೀಡಾಕೂಟ ನಡೆದರೆ ಸ್ವಾಗತ, ಪ್ರಾರ್ಥನೆ, ನಿರೂಪಣೆ, ವಂದನಾರ್ಪಣೆ ಎಲ್ಲವೂ ಹೆಣ್ಣುಮಕ್ಕಳ ಪಾಲಿನವು. ಸೀರೆಯುಟ್ಟು, ಅಚ್ಚುಕಟ್ಟಾದ ಭಾಷೆಯಲ್ಲಿ, ಒಂದು ವಚನವನ್ನೂ ಎರಡು ಗಾದೆಗಳನ್ನೂ ಸೇರಿಸಿ ಅವರು ಉದ್ಘಾಟನೆಯನ್ನು ನಡೆಸಿಕೊಡುತ್ತಾರೆ. ಅತಿಥಿಗಳು ಆಟಗಾರರ ಕೈ ಕುಲುಕಿ, ತೀರ್ಪುಗಾರರು ಸೀಟಿ ಊದಿದ ತಕ್ಷಣ ಮೈಕು ಕೈ ಬದಲಾಯಿಸಿ ಯಾವನೋ ಹುಡುಗನ ಕೈಗೆ ಹೋಗುತ್ತದೆ. ಇದನ್ನು ಯಾರೂ ನಿಯಮವಾಗಿ ಬರೆದಿಲ್ಲ, ಯಾರೂ ಕೆಟ್ಟ ಉದ್ದೇಶದಿಂದ ಮಾಡುತ್ತಿಲ್ಲ. ಹಾಗೆ ಮಾಡುತ್ತಿದ್ದೇವೆ ಎಂಬುದೇ ನಮ್ಮ ಗಮನಕ್ಕೆ ಬರುವುದಿಲ್ಲ. ನಿರೂಪಣೆಗೆ ಒಳ್ಳೆಯದೆನಿಸಿದ ಧ್ವನಿ ಆಟಕ್ಕೆ ಏಕೆ ಒಗ್ಗುವುದಿಲ್ಲ ಎಂದು ಕೇಳಿದರೆ ಉತ್ತರ ಇರುವುದಿಲ್ಲ. ಜಗತ್ತಿನ ದೊಡ್ಡ ದೊಡ್ಡ ಪ್ರಸಾರ ಸಂಸ್ಥೆಗಳ ಬಳಿಯೂ ಬಹಳ ಕಾಲ ಉತ್ತರ ಇರಲಿಲ್ಲ.

1977ರಲ್ಲಿ ಎರಡು ದೂರದ ಊರುಗಳಲ್ಲಿ ಎರಡು ಸಂಗತಿಗಳು ನಡೆದವು. ಆ ವರ್ಷದ ಆರಂಭದಲ್ಲಿ, ಇಂಗ್ಲೆಂಡಿನ ಎಂ.ಸಿ.ಸಿ. ತಂಡ ಭಾರತ ಪ್ರವಾಸದಲ್ಲಿದ್ದಾಗ, ಇಂದೋರಿನಲ್ಲಿ ಆ ತಂಡಕ್ಕೂ ರಾಷ್ಟ್ರೀಯ ಚಾಂಪಿಯನ್ ಬಾಂಬೆ ತಂಡಕ್ಕೂ ನಡೆದ ಪಂದ್ಯಕ್ಕೆ ಚಂದ್ರಾ ನಾಯುಡು ಅವರು ವೀಕ್ಷಕ ವಿವರಣೆ ನೀಡಿದರು. ಭಾರತದ ಮೊದಲ ಟೆಸ್ಟ್ ನಾಯಕ ಸಿ.ಕೆ. ನಾಯುಡು ಅವರ ಮಗಳಾದ ಅವರು ಇಂಗ್ಲಿಷ್ ಪ್ರಾಧ್ಯಾಪಕಿಯಾಗಿದ್ದರು. ಭಾರತದ ಮೊದಲ ಮಹಿಳಾ ಕ್ರಿಕೆಟ್ ವೀಕ್ಷಕ ವಿವರಣೆಗಾರ್ತಿ ಎಂದು ಅವರನ್ನು ಗುರುತಿಸಲಾಗಿದೆ. 2021ರ ಏಪ್ರಿಲಿನಲ್ಲಿ, ತಮ್ಮ 88ನೆಯ ವಯಸ್ಸಿನಲ್ಲಿ ಅವರು ಇಂದೋರಿನಲ್ಲಿ ತೀರಿಕೊಂಡಾಗ ಪತ್ರಿಕೆಗಳಲ್ಲಿ ಸಣ್ಣ ಸುದ್ದಿಗಳು ಬಂದವು, ನಮ್ಮಲ್ಲಿ ಬಹುಪಾಲು ಜನ ಅವರ ಹೆಸರನ್ನು ಕೇಳಿದ್ದೇ ಆಗ. ದೊಡ್ಡ ಆಟಗಾರನ ಮಗಳು, ಭಾಷೆಯ ಮೇಲೆ ಹಿಡಿತವಿದ್ದ ಅಧ್ಯಾಪಕಿ, ಕ್ರಿಕೆಟ್ಟನ್ನು ಮನೆಯೊಳಗೇ ಕಂಡು ಬೆಳೆದವಳು. ಇಷ್ಟೆಲ್ಲ ಇದ್ದೂ ಅವರ ನಂತರ ಅದೇ ಕುರ್ಚಿಗೆ ಹೆಣ್ಣುಮಕ್ಕಳ ಸಾಲು ಬರಲಿಲ್ಲ. ದಾರಿ ತೋರಿಸಿದವರು ಇದ್ದರು, ಆ ದಾರಿಯಲ್ಲಿ ಜನರನ್ನು ನಡೆಸುವ ವ್ಯವಸ್ಥೆ ಇರಲಿಲ್ಲ.

ಅದೇ 1977ರಲ್ಲಿ ಅಮೆರಿಕದ ಷಿಕಾಗೊ ವೈಟ್ ಸಾಕ್ಸ್ ಬೇಸ್‌ಬಾಲ್ ತಂಡ ಮೇರಿ ಷೇನ್ ಅವರನ್ನು ವಿವರಣೆಗಾರರ ತಂಡಕ್ಕೆ ಸೇರಿಸಿಕೊಂಡಿತು. ಮಿಲ್ವಾಕಿಯಲ್ಲಿ ಶಾಲಾ ಶಿಕ್ಷಕಿಯಾಗಿದ್ದು ಆಮೇಲೆ ರೇಡಿಯೊ ವರದಿಗಾರ್ತಿಯಾದ ಅವರನ್ನು ಹಿಂದಿನ ವರ್ಷ ಹ್ಯಾರಿ ಕೇರಿ ಎಂಬ ಹೆಸರಾಂತ ವಿವರಣೆಗಾರರು ತಮ್ಮ ಬಾಕ್ಸಿಗೆ ಕರೆದು ಮೈಕು ಕೊಟ್ಟಿದ್ದರು. ಇದಕ್ಕೂ ಮುಂಚೆ, 1964ರಲ್ಲಿ, ಕನ್ಸಾಸ್ ಸಿಟಿ ತಂಡದ ಮಾಲೀಕರು ಟಿವಿಯಲ್ಲಿ ಹವಾಮಾನ ವರದಿ ಹೇಳುತ್ತಿದ್ದ ಬೆಟಿ ಕೇವುಡ್ ಎಂಬವರನ್ನು ಸೀಸನ್ನಿನ ಕೊನೆಯ ದಿನಗಳಲ್ಲಿ ಬಾಕ್ಸಿನಲ್ಲಿ ಕೂರಿಸಿದ್ದುಂಟು. ಅದು ಹೆಂಗಸರನ್ನು ಪ್ರಸಾರದ ಕಡೆಗೆ ಸೆಳೆಯುವ ಉಪಾಯವಾಗಿತ್ತೇ ಹೊರತು ಆಟವನ್ನು ವಿವರಿಸುವ ಹೊಣೆಯನ್ನು ಆಕೆಗೆ ಒಪ್ಪಿಸಿರಲಿಲ್ಲ. ಮೇರಿ ಷೇನ್ ಅವರದು ಹಾಗಲ್ಲ, ಅವರು ನಿಜವಾಗಿಯೂ ಪ್ಲೇ ಬೈ ಪ್ಲೇ, ಅಂದರೆ ಆಟವನ್ನು ನಡೆದಂತೆ, ಹೇಳಿದರು. ಆದರೆ ಅನುಭವ ಸಾಲದು ಎಂಬ ದೂರು ಮೊದಲ ದಿನದಿಂದಲೇ ಬೆನ್ನು ಹತ್ತಿತು, ಸೀಸನ್ ಮುಗಿಯುವ ಮುನ್ನವೇ ಅವರನ್ನು ಕೈಬಿಡಲಾಯಿತು. ಅನುಭವ ಇಲ್ಲವೆಂಬುದು ಸುಳ್ಳಾಗಿರಲಿಲ್ಲ, ಆ ಅನುಭವವನ್ನು ಪಡೆಯಬಹುದಾದ ಜಾಗ ಮಾತ್ರ ಅವರಿಗೆ ಎಲ್ಲಿಯೂ ಇರಲಿಲ್ಲ. ಗಂಡಸಾಗಿದ್ದರೆ ಸಣ್ಣ ಊರಿನ ಸಣ್ಣ ಲೀಗುಗಳಲ್ಲಿ ಹತ್ತು ವರ್ಷ ತಪ್ಪು ಮಾಡುತ್ತ ಕಲಿತು ಬರಬಹುದಿತ್ತು. ಅವರು ನೇರವಾಗಿ ದೊಡ್ಡ ವೇದಿಕೆಯಲ್ಲಿ, ಎಲ್ಲರ ಕಣ್ಣೆದುರು ಕಲಿಯಬೇಕಾಯಿತು. ಮುಂದೆ ಅವರು ಮ್ಯಾಸಚೂಸೆಟ್ಸಿನ ವೂಸ್ಟರ್ ನಗರದ ಪತ್ರಿಕೆಗೆ ಬಾಸ್ಟನ್ ಸೆಲ್ಟಿಕ್ಸ್ ಬ್ಯಾಸ್ಕೆಟ್‌ಬಾಲ್ ತಂಡದ ವರದಿಗಾರ್ತಿಯಾಗಿ ಒಳ್ಳೆಯ ಹೆಸರು ಗಳಿಸಿ 1987ರಲ್ಲಿ ತೀರಿಕೊಂಡರು.

ಆ 1987ರ ಕೊನೆಯ ವಾರದಲ್ಲಿ ನಡೆದ ಘಟನೆ ನನ್ನ ಮಟ್ಟಿಗೆ ಈ ಇಡೀ ಚರಿತ್ರೆಯ ತಿರುಳು. ಡಿಸೆಂಬರ್ 27ರಂದು ಕನ್ಸಾಸ್ ಸಿಟಿ ಚೀಫ್ಸ್ ಮತ್ತು ಸಿಯಾಟಲ್ ಸೀಹಾಕ್ಸ್ ನಡುವಿನ ಪಂದ್ಯಕ್ಕೆ ಎನ್‌ಬಿಸಿ ವಾಹಿನಿಯು ಗೇಲ್ ಸಿಯರೆನ್ಸ್ ಅವರನ್ನು ವಿವರಣೆಗೆ ಕೂರಿಸಿತು. ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗಿನ ನಿಯತ ಪಂದ್ಯವೊಂದನ್ನು ಮಹಿಳೆಯೊಬ್ಬರು ಆಟದಿಂದ ಆಟಕ್ಕೆ ವಿವರಿಸಿದ್ದು ಅದೇ ಮೊದಲು. ಅವರು ಫ್ಲಾರಿಡಾದ ಟ್ಯಾಂಪಾ ನಗರದ ಡಬ್ಲ್ಯುಎಫ್‌ಎಲ್‌ಎ ಕೇಂದ್ರದಲ್ಲಿ ಕ್ರೀಡಾ ವರದಿ ಮಾಡಿ, ಆಮೇಲೆ ಸುದ್ದಿ ನಿರೂಪಕಿಯಾಗಿದ್ದವರು. ಎನ್‌ಬಿಸಿಯ ಮೈಕೆಲ್ ವೈಸ್‌ಮನ್ ಅವರಿಗೆ ಈ ಯೋಚನೆ ಹೊಳೆದಾಗ ಅವರು ಒಂದು ಒಳ್ಳೆಯ ಕೆಲಸ ಮಾಡಿದರು: ಹಳೆಯ ಕಾಲದ ಮಹಾನ್ ವಿವರಣೆಗಾರ ಮಾರ್ಟಿ ಗ್ಲಿಕ್‌ಮನ್ ಅವರಿಂದ ಆಕೆಗೆ ತರಬೇತಿ ಕೊಡಿಸಿದರು.

ಆ ಆಟದ ವಿವರಣೆ ಎಷ್ಟು ಕಷ್ಟದ್ದೆಂದರೆ, ಒಂದೊಂದು ಬದಿಗೆ 11 ಜನರಿದ್ದು, ಪ್ರತಿ ಆಟಕ್ಕೂ, ಅಂದರೆ ಚೆಂಡು ಚಲಿಸಿ ನಿಲ್ಲುವ ಪ್ರತಿ ತುಣುಕಿಗೂ, ಕೆಲವರು ಒಳಗೆ ಬಂದು ಕೆಲವರು ಹೊರಗೆ ಹೋಗುತ್ತಾರೆ. ಎಲ್ಲರ ತಲೆಗೂ ಶಿರಸ್ತ್ರಾಣವಿರುವುದರಿಂದ ಮುಖ ಕಾಣುವುದಿಲ್ಲ, ಬೆನ್ನಿನ ಸಂಖ್ಯೆಯಿಂದಲೇ ಹೆಸರು ಹೇಳಬೇಕು. ಒಂದು ಆಟ ಕೆಲವೇ ಸೆಕೆಂಡುಗಳಲ್ಲಿ ಮುಗಿಯುತ್ತದೆ. ಆದ್ದರಿಂದ ವಿವರಣೆಗಾರರು ಪಂದ್ಯದ ಮುಂಚಿನ ದಿನಗಳನ್ನೆಲ್ಲ ಒಂದು ದೊಡ್ಡ ರಟ್ಟಿನ ಮೇಲೆ ಎಲ್ಲ ಆಟಗಾರರ ಹೆಸರು, ಸಂಖ್ಯೆ, ಊರು, ದಾಖಲೆಗಳನ್ನು ಬರೆದುಕೊಳ್ಳುವುದರಲ್ಲಿ ಕಳೆಯುತ್ತಾರೆ, ಪಕ್ಕದಲ್ಲಿ ದುರ್ಬೀನು ಹಿಡಿದು ಸಂಖ್ಯೆ ಗುರುತಿಸಿ ಬೆರಳು ತೋರಿಸುವ ಸಹಾಯಕರು ನಿಂತಿರುತ್ತಾರೆ. ಸಿಯರೆನ್ಸ್ ಈ ಎಲ್ಲ ತಯಾರಿಯೊಂದಿಗೆ ಆ ದಿನದ ಪಂದ್ಯವನ್ನು ನಿಭಾಯಿಸಿದರು. ಚೀಫ್ಸ್ ತಂಡ 41-20ರಿಂದ ಗೆದ್ದಿತು. ಎನ್‌ಬಿಸಿಗೆ ಅವರ ಕೆಲಸ ಹಿಡಿಸಿತು, ಮುಂದಿನ ಸೀಸನ್ನಿಗೆ ಇನ್ನಷ್ಟು ಪಂದ್ಯಗಳನ್ನು ಕೊಡಲು ಮುಂದಾಯಿತು.

ಆದರೆ ಟ್ಯಾಂಪಾದ ಕೇಂದ್ರ ತನ್ನ ಸುದ್ದಿ ನಿರೂಪಕಿ ಭಾನುವಾರಗಳಂದು ದೇಶ ತಿರುಗುವುದನ್ನು ಒಪ್ಪಲಿಲ್ಲ. ಇದೋ ಅದೋ, ಒಂದನ್ನು ಆರಿಸಿಕೊಳ್ಳಬೇಕಾಯಿತು. ಕೆಲವೇ ಪಂದ್ಯಗಳ ಭರವಸೆಗಾಗಿ ಭದ್ರವಾದ ನೌಕರಿಯನ್ನು ಬಿಡುವುದು ವಿವೇಕವಲ್ಲವೆಂದು ಅವರು ಉಳಿದರು, 2015ರಲ್ಲಿ ನಿವೃತ್ತರಾಗುವವರೆಗೂ ಅಲ್ಲಿಯೇ ಇದ್ದರು. ಅವರನ್ನು ನಾನು ತಪ್ಪಿತಸ್ಥರೆನ್ನಲಾರೆ, ಅಂಥ ಲೆಕ್ಕಾಚಾರವನ್ನು ನಮ್ಮ ಕಡೆಯ ಎಷ್ಟೋ ಹೆಣ್ಣುಮಕ್ಕಳು ದಿನನಿತ್ಯ ಮಾಡುತ್ತಾರೆ. ಗಮನಿಸಬೇಕಾದ್ದು ಬೇರೆಯೇ ಇದೆ. ಅವರು ಎದ್ದು ಹೋದ ಕುರ್ಚಿಗೆ ಇನ್ನೊಬ್ಬ ಮಹಿಳೆಯನ್ನು ಯಾರೂ ಹುಡುಕಲಿಲ್ಲ. ಬೆತ್ ಮೌವಿನ್ಸ್ ಅವರು 2017ರ ಸೆಪ್ಟೆಂಬರ್ 11ರಂದು ಡೆನ್ವರ್ ಬ್ರಾಂಕೋಸ್ ಮತ್ತು ಲಾಸ್ ಏಂಜಲಿಸ್ ಚಾರ್ಜರ್ಸ್ ನಡುವಿನ ಪಂದ್ಯಕ್ಕೆ ಇಎಸ್‌ಪಿಎನ್ ವಾಹಿನಿಯಲ್ಲಿ ಮೈಕಿನ ಮುಂದೆ ಕುಳಿತಾಗ ಸುಮಾರು 30 ವರ್ಷಗಳು ಕಳೆದಿದ್ದವು. ಗೇಲ್ ಸಿಯರೆನ್ಸ್ ಸರಿಯಾಗಿ ಮಾಡಲಿಲ್ಲ ಎಂಬ ಕಾರಣಕ್ಕೆ ಈ 30 ವರ್ಷಗಳು ಸಂದಿದ್ದರೆ ಅರ್ಥ ಮಾಡಿಕೊಳ್ಳಬಹುದಿತ್ತು. ಅವರು ಸರಿಯಾಗಿ ಮಾಡಿದ್ದರು ಎಂಬುದೇ ಇಲ್ಲಿನ ಕಹಿ.

ಮೌವಿನ್ಸ್ ಅವರ ಕಥೆ ಬೇರೆ ರೀತಿಯದು. ಅವರು 1994ರಿಂದಲೇ ಇಎಸ್‌ಪಿಎನ್‌ನಲ್ಲಿದ್ದು, ಕಾಲೇಜು ಬ್ಯಾಸ್ಕೆಟ್‌ಬಾಲ್, ಸಾಫ್ಟ್‌ಬಾಲ್, ಕಾಲೇಜು ಫುಟ್‌ಬಾಲ್ ಹೀಗೆ ಹೆಚ್ಚು ಸದ್ದಿಲ್ಲದ ಆಟಗಳನ್ನು ಎರಡು ದಶಕಗಳ ಕಾಲ ವಿವರಿಸಿದ್ದರು. 2015ರಿಂದ ಓಕ್ಲೆಂಡ್ ರೈಡರ್ಸ್ ತಂಡದ ಸೀಸನ್ ಪೂರ್ವ ಪಂದ್ಯಗಳನ್ನೂ ಹೇಳುತ್ತಿದ್ದರು. ಡೆನ್ವರಿನ ಪಂದ್ಯದ ನಂತರ ಅದೇ ತಿಂಗಳ 24ರಂದು ಸಿಬಿಎಸ್ ವಾಹಿನಿಗಾಗಿ ಕ್ಲೀವ್‌ಲ್ಯಾಂಡ್ ಮತ್ತು ಇಂಡಿಯಾನಾಪೊಲಿಸ್ ತಂಡಗಳ ಪಂದ್ಯವನ್ನೂ ಅವರು ವಿವರಿಸಿದರು. ಚರಿತ್ರೆಕಾರರು ಹನ್ನೊಂದನೆಯ ತಾರೀಖನ್ನು ಬರೆದುಕೊಳ್ಳುತ್ತಾರೆ, ನಾನು ಇಪ್ಪತ್ತನಾಲ್ಕನೆಯ ತಾರೀಖಿನ ಪಕ್ಷದವಳು.

ಇನ್ನು ಧ್ವನಿಯ ವಿಷಯ. ‘ಹೆಣ್ಣಿನ ಧ್ವನಿ ತೆಳು, ಆಟದ ಕಾವು ಏರಿದಾಗ ಕಿರುಚಿದಂತೆ ಕೇಳುತ್ತದೆ’ ಎಂಬ ಮಾತು ಅಟ್ಲಾಂಟಿಕ್ಕಿನ ಎರಡೂ ದಡಗಳಲ್ಲಿ, ನಮ್ಮ ಗೋಳಗುಮ್ಮಟದ ನೆರಳಿನಲ್ಲಿಯೂ ಒಂದೇ ರಾಗದಲ್ಲಿ ಕೇಳಿಬರುತ್ತದೆ. ಇದರಲ್ಲಿ ಸ್ವಲ್ಪ ಭೌತಶಾಸ್ತ್ರವಿದೆ, ಉಳಿದದ್ದು ರೂಢಿ. ಮಾತನಾಡುವಾಗ ಗಂಡಸರ ಧ್ವನಿಯ ಮೂಲ ಆವರ್ತನ ಸಾಮಾನ್ಯವಾಗಿ 85ರಿಂದ 180 ಹರ್ಟ್ಸ್, ಹೆಂಗಸರದು 165ರಿಂದ 255 ಹರ್ಟ್ಸ್. ಆರಂಭದ ಕಾಲದ ಮೈಕುಗಳು ಮತ್ತು ಎಎಂ ರೇಡಿಯೊದ ಕಿರಿದಾದ ಆವರ್ತನ ಪಟ್ಟಿ ಎತ್ತರದ ಆವರ್ತನಗಳನ್ನು ಕತ್ತರಿಸಿ ಹಾಕುತ್ತಿದ್ದವು, ಸಕಾರ ಷಕಾರಗಳಂಥ ವ್ಯಂಜನಗಳ ಸ್ಪಷ್ಟತೆ ಇರುವುದು ಅಲ್ಲಿಯೇ. ಹೀಗಾಗಿ ಹೆಂಗಸರ ಮಾತು ಆ ಯಂತ್ರಗಳಲ್ಲಿ ಹಾದುಬಂದಾಗ ಹೆಚ್ಚು ಹಾಳಾಗುತ್ತಿತ್ತು. ದೋಷ ಯಂತ್ರದ್ದು, ಅಪವಾದ ಗಂಟಲಿಗೆ. ಎಫ್‌ಎಂ ಬಂದು, ಟಿವಿ ಬಂದು, ಯಂತ್ರದ ದೋಷ ತೀರಿದ ಮೇಲೂ ಅಪವಾದ ಉಳಿಯಿತು. ಕಿವಿ ಅರ್ಧ ಶತಮಾನ ಗಂಡಸರ ಧ್ವನಿಯನ್ನೇ ಕೇಳಿ ಪಳಗಿದ್ದರಿಂದ, ಅಭ್ಯಾಸವಾದದ್ದನ್ನೇ ಅದು ಯೋಗ್ಯವೆಂದುಕೊಂಡಿತು. ನಮ್ಮ ಮನೆಗಳಲ್ಲಿ ಆಕಾಶವಾಣಿಯ ಧಾರವಾಡ ಕೇಂದ್ರದಿಂದ ಹೆಂಗಸರು ಓದುವ ಪ್ರದೇಶ ಸಮಾಚಾರವನ್ನು, ಕೃಷಿರಂಗದ ಮಾತುಕತೆಯನ್ನು ದಶಕಗಳ ಕಾಲ ಕೇಳಿದ ಯಾರಿಗೂ ಧ್ವನಿ ಚುಚ್ಚಿದ ನೆನಪಿಲ್ಲ. ವಿಷಯ ಆಟವಾದಾಗ ಮಾತ್ರ ಕಿವಿಗೆ ಸೂಕ್ಷ್ಮತೆ ಬರುತ್ತದೆ.

ಬ್ರಿಟನ್ನಿನಲ್ಲಿ ಈ ಸೂಕ್ಷ್ಮತೆ 2007ರ ಏಪ್ರಿಲಿನಲ್ಲಿ ತಾರಕಕ್ಕೇರಿತು. 1964ರಿಂದ ನಡೆದುಬಂದಿದ್ದ ಬಿಬಿಸಿಯ ಮ್ಯಾಚ್ ಆಫ್ ದಿ ಡೇ ಎಂಬ ಫುಟ್‌ಬಾಲ್ ಟಿವಿ ಕಾರ್ಯಕ್ರಮದಲ್ಲಿ ಅಲ್ಲಿಯವರೆಗೆ ಒಬ್ಬ ಮಹಿಳೆಯೂ ಪಂದ್ಯದ ವಿವರಣೆ ನೀಡಿರಲಿಲ್ಲ. ಜಾಕಿ ಓಟ್ಲಿ ಅವರು ಫುಲಂ ಮತ್ತು ಬ್ಲ್ಯಾಕ್‌ಬರ್ನ್ ರೋವರ್ಸ್ ನಡುವಿನ ಪಂದ್ಯ ಹೇಳಲಿದ್ದಾರೆ ಎಂಬ ಸುದ್ದಿ ಹೊರಬಿದ್ದ ಕೂಡಲೇ, ಅವರು ಒಂದು ಮಾತನ್ನೂ ಆಡುವ ಮುನ್ನವೇ, ಪತ್ರಿಕೆಗಳಲ್ಲಿ ಪರ ವಿರೋಧದ ಚರ್ಚೆ ತುಂಬಿತು, ಮಾಜಿ ತರಬೇತುದಾರರೊಬ್ಬರು ಬಹಿರಂಗವಾಗಿ ವಿರೋಧಿಸಿದರು. ಪಂದ್ಯ 1-1ರಲ್ಲಿ ಸಮವಾಯಿತು, ಆಕಾಶವೇನೂ ಕಳಚಿ ಬೀಳಲಿಲ್ಲ. ಓಟ್ಲಿ ಅವರು ಮೊಣಕಾಲಿನ ಗಾಯದಿಂದ ಆಟ ಬಿಟ್ಟು, ಬೇರೆ ನೌಕರಿಯಲ್ಲಿದ್ದವರು ಪ್ರಸಾರ ಪತ್ರಿಕೋದ್ಯಮ ಓದಿ, ಆಸ್ಪತ್ರೆಯ ರೋಗಿಗಳಿಗಾಗಿ ನಡೆಸುವ ಹಾಸ್ಪಿಟಲ್ ರೇಡಿಯೊದಿಂದ ಆರಂಭಿಸಿ ಬಿಬಿಸಿಯ ಲೀಡ್ಸ್ ಕೇಂದ್ರಕ್ಕೆ, ಅಲ್ಲಿಂದ ರಾಷ್ಟ್ರೀಯ ರೇಡಿಯೊಗೆ ಬಂದಿದ್ದರು. ಕೇಳುವವರು ಕೆಲವೇ ಮಂದಿ ಇರುವ ಆಸ್ಪತ್ರೆಯ ರೇಡಿಯೊ ಅವರಿಗೆ ಕೊಟ್ಟದ್ದನ್ನು ಮೇರಿ ಷೇನ್ ಅವರಿಗೆ ಯಾರೂ ಕೊಟ್ಟಿರಲಿಲ್ಲ: ಸುದ್ದಿಯಾಗದೆ ತಪ್ಪು ಮಾಡುವ ಜಾಗ.

ಓಟ್ಲಿ ಅವರಿಂದ 11 ವರ್ಷಗಳ ಬಳಿಕ, 2018ರ ವಿಶ್ವಕಪ್ಪಿನ ಪೋರ್ಚುಗಲ್ ಮೊರೊಕ್ಕೊ ಪಂದ್ಯವನ್ನು ವಿಕಿ ಸ್ಪಾರ್ಕ್ಸ್ ವಿವರಿಸಿದಾಗಲೂ ಮಾಜಿ ಆಟಗಾರರೊಬ್ಬರು 90 ನಿಮಿಷ ಇಷ್ಟು ಎತ್ತರದ ಧ್ವನಿಯನ್ನು ಕೇಳುವುದು ಕಷ್ಟವೆಂದು ಟಿವಿಯಲ್ಲಿ ಹೇಳಿ ಆಮೇಲೆ ಕ್ಷಮೆ ಕೇಳಿದರು. ಜರ್ಮನಿಯ ಕ್ಲೌಡಿಯಾ ನಾಯ್ಮನ್ ಅವರು 2016ರ ಯೂರೊ ಟೂರ್ನಿಯಲ್ಲಿ ಇದಕ್ಕಿಂತ ಕೆಟ್ಟ ನಿಂದನೆಯನ್ನು ಸಾಮಾಜಿಕ ಜಾಲತಾಣಗಳಲ್ಲಿ ಎದುರಿಸಿದರು. ಅವರ ವಾಹಿನಿ ಅವರನ್ನು ಮೈಕಿನಿಂದ ತೆಗೆಯದೆ ಮುಂದಿನ ವಿಶ್ವಕಪ್ಪಿಗೂ ಕಳುಹಿಸಿತು.

ಕ್ರಿಕೆಟ್ಟಿನಲ್ಲಿ ನಮಗೆ ಹೆಚ್ಚು ಪರಿಚಿತ ಹೆಸರುಗಳಿವೆ. ಬಾರ್ಬಡೋಸಿನ ವಕೀಲೆ ಡೊನ್ನಾ ಸಿಮಂಡ್ಸ್ ಅವರು 1998ರಲ್ಲಿ ಬಿಬಿಸಿ ರೇಡಿಯೊದ ಟೆಸ್ಟ್ ಮ್ಯಾಚ್ ಸ್ಪೆಷಲ್ ಕಾರ್ಯಕ್ರಮದ ತಂಡದಲ್ಲಿ ಕುಳಿತು ಗಂಡಸರ ಟೆಸ್ಟ್ ಪಂದ್ಯದ ವಿವರಣೆ ನೀಡಿದರು. 2007ರಿಂದ ಅಲಿಸನ್ ಮಿಚೆಲ್ ಆ ಕಾರ್ಯಕ್ರಮದ ಕಾಯಂ ಧ್ವನಿಗಳಲ್ಲೊಬ್ಬರಾದರು, 2018ರಲ್ಲಿ ಆಸ್ಟ್ರೇಲಿಯಾದ ಚಾನೆಲ್ ಸೆವೆನ್‌ಗೂ ಎಸೆತದಿಂದ ಎಸೆತಕ್ಕೆ ವಿವರಣೆ ಕೊಟ್ಟರು. 2015ರ ಐಪಿಎಲ್‌ನಲ್ಲಿ ಅಂಜುಮ್ ಚೋಪ್ರಾ, ಈಶಾ ಗುಹಾ, ಲೀಸಾ ಸ್ಥಾಳೇಕರ್, ಮೆಲ್ ಜೋನ್ಸ್ ನಾಲ್ವರೂ ಬಾಕ್ಸಿಗೆ ಬಂದರು. ಈ ನಾಲ್ವರೂ ದೇಶಕ್ಕಾಗಿ ಆಡಿದವರು. ಸಿಮಂಡ್ಸ್ ಮತ್ತು ಮಿಚೆಲ್ ಹಾಗೆ ಬಂದವರಲ್ಲ. ಭಾರತದಲ್ಲಿ ಹೆಚ್ಚಾಗಿ ತೆರೆದದ್ದು ಮೊದಲ ದಾರಿ. ದೇಶಕ್ಕೆ ಆಡದ ಗಂಡಸರು ಹಿಂದಿ, ಇಂಗ್ಲಿಷ್, ಕನ್ನಡ ಮೂರರಲ್ಲೂ ವಿವರಣೆಯಿಂದಲೇ ಮನೆಮಾತಾಗಿರುವಾಗ, ಹೆಣ್ಣುಮಗಳು ಮಾತ್ರ ಮೈಕು ಹಿಡಿಯಲು ಮೊದಲು ಭಾರತದ ಜೆರ್ಸಿ ತೊಡಬೇಕು ಎಂಬ ಅಲಿಖಿತ ಅರ್ಹತೆ ನನಗೆ ನ್ಯಾಯವೆನಿಸುವುದಿಲ್ಲ. ದಕ್ಷಿಣ ಆಫ್ರಿಕಾದ ನಟಲಿ ಜೆರ್ಮಾನೋಸ್ ಅವರ ಕೆಲಸವನ್ನು ಕೇಳಿದವರಿಗೆ, ಎಸೆತವನ್ನು ಹೇಳುವ ಕೌಶಲ ಒಂದು ಸ್ವತಂತ್ರ ವಿದ್ಯೆ ಎಂಬುದು ಗೊತ್ತಾಗುತ್ತದೆ.

ಮಹಿಳೆಯರೇ ಇಡೀ ಪ್ರಸಾರವನ್ನು ನಡೆಸುವ ವಿಶೇಷ ದಿನಗಳ ಬಗ್ಗೆ ನನಗೆ ಮಿಶ್ರ ಭಾವನೆಯಿದೆ. 2020ರ ಮಾರ್ಚ್ 8ರಂದು, ಮಹಿಳಾ ದಿನದ ಅಂಗವಾಗಿ, ಕೆನಡಾದಲ್ಲಿ ಲೀಯಾ ಹೆಕ್ಸ್‌ಟಾಲ್ ಮತ್ತು ಅಮೆರಿಕದಲ್ಲಿ ಕೇಟ್ ಸ್ಕಾಟ್ ಐಸ್ ಹಾಕಿ ಪಂದ್ಯಗಳನ್ನು ವಿವರಿಸಿದರು. ಮರುದಿನದ ಪಂದ್ಯವನ್ನು ಯಾರು ವಿವರಿಸಿದರು ಎಂದು ಕೇಳದಿದ್ದರೆ ಅದು ನಮ್ಮ ಕಚೇರಿಗಳ ಮಹಿಳಾ ದಿನಾಚರಣೆಯಲ್ಲಿ ಗುಲಾಬಿ ಹೂವು ಹಂಚಿದ ಹಾಗಾಗುತ್ತದೆ. ಸಮಾಧಾನದ ಸಂಗತಿಯೆಂದರೆ ಆ ಇಬ್ಬರ ವಿಷಯದಲ್ಲಿ ಅದು ಒಂದು ದಿನಕ್ಕೆ ಮುಗಿಯಲಿಲ್ಲ. 2021ರಲ್ಲಿ ಹೆಕ್ಸ್‌ಟಾಲ್ ಇಎಸ್‌ಪಿಎನ್ ಸೇರಿದರು, ಸ್ಕಾಟ್ ಫಿಲಡೆಲ್ಫಿಯಾದ ಬ್ಯಾಸ್ಕೆಟ್‌ಬಾಲ್ ತಂಡದ ಕಾಯಂ ಟಿವಿ ವಿವರಣೆಗಾರ್ತಿಯಾದರು. ಅದೇ ವರ್ಷ ಮಿಲ್ವಾಕಿ ಬಕ್ಸ್ ತಂಡ ಲೀಸಾ ಬೈಯಿಂಗ್‌ಟನ್ ಅವರನ್ನು ನೇಮಿಸಿತು. ಬೇಸ್‌ಬಾಲಿನಲ್ಲಿ ಗೇಲ್ ಗಾರ್ಡ್‌ನರ್ 1993ರ ಆಗಸ್ಟಿನಲ್ಲಿ ಕೊಲರಾಡೊ ರಾಕೀಸ್ ತಂಡದ ಒಂದು ಪಂದ್ಯವನ್ನು ಟಿವಿಯಲ್ಲಿ ಹೇಳಿದ್ದರು. ಅದೇ ತಂಡಕ್ಕೆ 25 ವರ್ಷಗಳ ನಂತರ, 2018ರ ಏಪ್ರಿಲಿನಲ್ಲಿ, ಜೆನ್ನಿ ಕ್ಯಾವ್ನರ್ ಅವರು ಮೈಕಿನ ಮುಂದೆ ಬಂದರು. 2024ರಲ್ಲಿ ಓಕ್ಲೆಂಡ್ ಅಥ್ಲೆಟಿಕ್ಸ್ ಅವರನ್ನು ತನ್ನ ಪ್ರಧಾನ ವಿವರಣೆಗಾರ್ತಿಯನ್ನಾಗಿ ಮಾಡಿಕೊಂಡಿತು. ಬೇಸ್‌ಬಾಲ್ ಸೀಸನ್ನಿನಲ್ಲಿ ಒಂದು ತಂಡಕ್ಕೆ 162 ಪಂದ್ಯಗಳಿರುತ್ತವೆ. ಅಷ್ಟು ದೀರ್ಘ ಸೀಸನ್ನಿನಲ್ಲಿ ಒಂದು ದಿನ ಕೆಟ್ಟರೆ ಮರುದಿನ ತಿದ್ದಿಕೊಳ್ಳಬಹುದು, ಒಂದು ದಿನ ಗಂಟಲು ಕಟ್ಟಿದರೆ ಅದು ಇಡೀ ಸ್ತ್ರೀಕುಲದ ಸೋಲಾಗುವುದಿಲ್ಲ.

ಈಗ ನಮ್ಮ ಕಡೆಗೆ ಬರುತ್ತೇನೆ. 2017ರ ಜುಲೈ 15ರಂದು ಇಂಗ್ಲೆಂಡಿನ ಡರ್ಬಿಯಲ್ಲಿ ಮಹಿಳಾ ವಿಶ್ವಕಪ್ಪಿನ ಸೆಮಿಫೈನಲ್ ಸ್ಥಾನಕ್ಕಾಗಿ ಭಾರತ ಮತ್ತು ನ್ಯೂಜಿಲೆಂಡ್ ಆಡಿದವು. ಮಿತಾಲಿ ರಾಜ್ 109 ರನ್ ಗಳಿಸಿದರು, ನಮ್ಮ ಕಡೂರಿನ ವೇದಾ ಕೃಷ್ಣಮೂರ್ತಿ 45 ಎಸೆತಗಳಲ್ಲಿ 70 ಹೊಡೆದರು, ಆ ಟೂರ್ನಿಯಲ್ಲಿ ಅದೇ ಮೊದಲ ಬಾರಿಗೆ ಆಡುವ ಹನ್ನೊಂದರಲ್ಲಿ ಸ್ಥಾನ ಪಡೆದ ನಮ್ಮ ವಿಜಯಪುರದ ರಾಜೇಶ್ವರಿ ಗಾಯಕವಾಡ 15 ರನ್ನಿಗೆ 5 ವಿಕೆಟ್ ಕಿತ್ತರು. ನ್ಯೂಜಿಲೆಂಡ್ 79ಕ್ಕೆ ಮುಗಿದು ಭಾರತ 186 ರನ್ನುಗಳಿಂದ ಗೆದ್ದಿತು. ಈ ಊರಿನ ಹುಡುಗಿಯೊಬ್ಬಳು ಎಡಗೈಯಿಂದ ಚೆಂಡು ತಿರುಗಿಸುತ್ತಿದ್ದ ಆ ಸಂಜೆ ನಮಗೆ ಅದನ್ನು ಕನ್ನಡದಲ್ಲಿ ಹೇಳುವ ಧ್ವನಿ ಬೇಕಿತ್ತು ಎಂದು ನನಗೆ ಬಲವಾಗಿ ಅನಿಸಿತ್ತು. ಆಮೇಲೆ ಟಿವಿಯಲ್ಲಿ, ಮೊಬೈಲಿನಲ್ಲಿ ಕನ್ನಡ ಕಾಮೆಂಟರಿ ಬಂತು. 2023ರ ಐಪಿಎಲ್ ಹೊತ್ತಿಗೆ ಕನ್ನಡ ವಿವರಣೆಯ ತಂಡದಲ್ಲಿ ವೇದಾ ಅವರ ಹೆಸರೂ ಇತ್ತು. ಅವರೂ ಭಾರತದ ಜೆರ್ಸಿಯ ದಾರಿಯಿಂದಲೇ ಬಂದವರು. ಎರಡನೆಯ ದಾರಿಯಿಂದ, ಅಂದರೆ ಬರೀ ಮಾತಿನ ಕಸುಬಿನಿಂದ, ಕನ್ನಡದ ಹುಡುಗಿ ಬರಬೇಕಾದರೆ ಅವಳಿಗೆ ಪಳಗುವ ಕಣ ಬೇಕು.

ಆ ಕಣ ನಮ್ಮಲ್ಲಿ ಧಾರಾಳವಾಗಿದೆ. ಬೆಳಗಾವಿಯ ಸರ್ದಾರ್ಸ್ ಮೈದಾನದ ಟೆನಿಸ್ ಬಾಲ್ ಟೂರ್ನಿಗಳಲ್ಲಿ ಕನ್ನಡ, ಮರಾಠಿ, ಹಿಂದಿ ಮೂರನ್ನೂ ಒಂದೇ ಉಸಿರಿನಲ್ಲಿ ಬೆರೆಸುವ ವಿವರಣೆಗಾರರಿದ್ದಾರೆ. ಕಿತ್ತೂರು ಉತ್ಸವದ ಕುಸ್ತಿಗೆ, ಇಲ್ಲಿನ ಸಿದ್ಧೇಶ್ವರ ಜಾತ್ರೆಯ ಕುಸ್ತಿಗೆ, ಜಮಖಂಡಿ ಮುಧೋಳದ ಕಡೆಯ ಹೊನಲು ಬೆಳಕಿನ ಕಬಡ್ಡಿಗೆ ಮೈಕು ಹಿಡಿಯುವವರ ನಾಲಿಗೆಯ ವೇಗವನ್ನು ಕೇಳಿದವರು ಮರೆಯುವುದಿಲ್ಲ. ‘ಹೊಂಟಾನ್ರೀ, ಬೋನಸ್ ಗೆರಿ ಮ್ಯಾಲ ಕಾಲು, ಎಡಕ್ಕ ಹೊಳ್ಳ್ಯಾನ, ಹಿಡದ್ರು ಹಿಡದ್ರು’ ಎಂದು 30 ಸೆಕೆಂಡಿನ ರೇಡನ್ನು ಅವರು ಕಟ್ಟಿಕೊಡುವ ಬಗೆ ಯಾವ ಟಿವಿಯ ವಿವರಣೆಗೂ ಕಡಿಮೆಯಲ್ಲ. ಇವರಾರೂ ತರಬೇತಿ ಶಿಬಿರಕ್ಕೆ ಹೋದವರಲ್ಲ. ಹದಿನೈದು ಹದಿನಾರರ ವಯಸ್ಸಿನಲ್ಲಿ ಯಾರೋ ‘ಹಿಡಿಯಪಾ ಮೈಕ, ಊಟ ಮಾಡಿ ಬರ್ತೀನಿ’ ಎಂದು ಕೊಟ್ಟ ಮೈಕಿನಿಂದ ಕಲಿತವರು. ಅಂಥ ಅರ್ಧ ಗಂಟೆಯ ಮೈಕು ಹುಡುಗಿಯ ಕೈಗೆ ಬರುವುದಿಲ್ಲ. ಬರಬೇಕಾದ ಹೊತ್ತು ರಾತ್ರಿ ಹತ್ತರ ಮೇಲೆ, ಸ್ಥಳ ಊರ ಹೊರಗಿನ ಬಯಲು. ಕಾರಣ ಯಾವಾಗಲೂ ದ್ವೇಷವಲ್ಲ, ವೇಳಾಪಟ್ಟಿಯೂ ಕಾರಣ. ಟ್ಯಾಂಪಾದ ಕೇಂದ್ರಕ್ಕೂ ಅಡ್ಡ ಬಂದದ್ದು ವೇಳಾಪಟ್ಟಿಯೇ.

ಕನ್ನಡದಲ್ಲಿ ವಿವರಣೆ ಕೊಡುವುದಕ್ಕೆ ಪ್ರತ್ಯೇಕ ಅಭ್ಯಾಸ ಬೇಕು ಎಂಬುದನ್ನೂ ಇಲ್ಲಿ ಹೇಳಬೇಕು. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ‘ರಾಜೇಶ್ವರಿ ಎಸೆದ ಚೆಂಡನ್ನು ಬ್ಯಾಟರ್ ಮಿಡ್ ಆನ್ ಕಡೆಗೆ ಬಾರಿಸಿದರು’ ಎಂದು ವ್ಯಾಕರಣಬದ್ಧವಾಗಿ ಹೇಳಿ ಮುಗಿಸುವಷ್ಟರಲ್ಲಿ ಫೀಲ್ಡರ್ ಚೆಂಡನ್ನು ಹಿಂದಿರುಗಿಸಿರುತ್ತಾಳೆ. ನುರಿತವರು ‘ಬಾರಿಸಿದರು, ಮಿಡ್ ಆನ್ ಕಡೆಗೆ, ಅಲ್ಲಿ ಫೀಲ್ಡರ್ ಇದ್ದಾರೆ, ಓಟ ಇಲ್ಲ’ ಎಂದು ಕ್ರಿಯೆಯನ್ನು ಮುಂದಕ್ಕೆ ತಂದು ವಾಕ್ಯವನ್ನು ತುಂಡು ತುಂಡಾಗಿ ಆಟದ ಹಿಂದೆ ಓಡಿಸುತ್ತಾರೆ. ನಿರೂಪಣೆಯಲ್ಲಿ ಪಳಗಿದ ನಮ್ಮ ಹೆಣ್ಣುಮಕ್ಕಳಿಗೆ ಮೊದಲು ಕಷ್ಟವಾಗುವುದು ಇದೇ. ಅವರು ಪೂರ್ಣ ವಾಕ್ಯದ, ವಿಶೇಷಣಗಳ ಭಾಷೆಯನ್ನು ರೂಢಿಸಿಕೊಂಡಿರುತ್ತಾರೆ, ಅದನ್ನು ಕಳಚಬೇಕು. ಎರಡನೆಯದು ಅಂಕಗಳನ್ನು ಮರೆಯದೆ ಹೇಳುವುದು. ಅಮೆರಿಕದ ಹಳೆಯ ಬೇಸ್‌ಬಾಲ್ ವಿವರಣೆಗಾರ ರೆಡ್ ಬಾರ್ಬರ್ ಮೂರು ನಿಮಿಷದ ಮರಳು ಗಡಿಯಾರವನ್ನು ಮುಂದಿಟ್ಟುಕೊಂಡು, ಮರಳು ಇಳಿದಾಗಲೆಲ್ಲ ಸ್ಕೋರು ಹೇಳುತ್ತಿದ್ದರು. ಆಗ ತಾನೇ ರೇಡಿಯೊ ಹಾಕಿದವನಿಗೆ ಬೇಕಾದದ್ದು ವರ್ಣನೆಯಲ್ಲ, ಯಾರು ಎಷ್ಟು ಮುಂದಿದ್ದಾರೆ ಎಂಬುದು.

ಕಳೆದ ವರ್ಷದ ಮಹಿಳಾ ಕಬಡ್ಡಿ ಪಂದ್ಯಗಳಲ್ಲಿ ನಮ್ಮ ವಿದ್ಯಾರ್ಥಿನಿಯೊಬ್ಬಳು ಆಟದ ಮೈಕು ಕೇಳಿ ಪಡೆದಳು. ಅವಳು ಮೊದಲೇ ಮೊಬೈಲಿನಲ್ಲಿ ಹಳೆಯ ಪಂದ್ಯಗಳ ಸದ್ದು ಅಡಗಿಸಿ, ತನ್ನ ವಿವರಣೆಯನ್ನು ಧ್ವನಿಮುದ್ರಿಸಿ ಕೇಳಿಕೊಂಡಿದ್ದಳು. ಮೊದಲ ಅವಧಿಯಲ್ಲಿ ಮಾತು ಆಟಕ್ಕಿಂತ ಹಿಂದೆ ಬಿತ್ತು, ಕಟ್ಟೆಯ ಮೇಲೆ ಕುಳಿತ ಹುಡುಗರು ಅಣಕಿಸಿದರು. ಎರಡನೆಯ ಅವಧಿಯಲ್ಲಿ ಅವಳು ವಿಶೇಷಣಗಳನ್ನು ಬಿಟ್ಟು ಹೆಸರು, ದಿಕ್ಕು, ಅಂಕ ಮೂರಕ್ಕೆ ಅಂಟಿಕೊಂಡಳು. ಅಣಕ ನಿಂತಿತು, ಆಟ ಕಾವೇರಿದ್ದರಿಂದ ಅವರೂ ಅತ್ತ ನೋಡತೊಡಗಿದ್ದರು. ಮರುದಿನ ಪುರುಷರ ಸೆಮಿಫೈನಲ್ಲಿಗೆ ಬರಬೇಕಿದ್ದ ವಿವರಣೆಗಾರರು ತಡವಾದಾಗ ಸಂಘಟಕರು ಯಾವ ಪೀಠಿಕೆಯೂ ಇಲ್ಲದೆ ಅವಳನ್ನೇ ಕರೆದರು. ಪಂದ್ಯ ಮುಗಿದ ಮೇಲೆ ಅವಳು ದೈಹಿಕ ಶಿಕ್ಷಣ ವಿಭಾಗಕ್ಕೆ ಒಂದು ಹಾಳೆ ಬರೆದುಕೊಟ್ಟಳು. ಎರಡೂ ತಂಡಗಳ ಆಟಗಾರರ ಹೆಸರು ಮತ್ತು ಸಂಖ್ಯೆಗಳ ಪಟ್ಟಿ ಹಿಂದಿನ ಸಂಜೆಯೇ ಸಿಗಬೇಕು; ಅಂಕ ಬರೆದು ತೋರಿಸಲು ಪಕ್ಕದಲ್ಲಿ ಒಬ್ಬರು ಇರಬೇಕು; ಮೇಜನ್ನು ಅತಿಥಿಗಳ ಸೋಫಾದ ಹಿಂದೆ ಹಾಕದೆ, ಬೋನಸ್ ಗೆರೆ ಕಾಣುವಂತೆ ನಡುಗೆರೆಯ ನೇರಕ್ಕೆ ಹಾಕಬೇಕು. ಮೂರನ್ನೂ ಈ ವರ್ಷದ ಕೂಟಕ್ಕೆ ಒಪ್ಪಲಾಗಿದೆ.